ಮಾಲಮನ ಎರಡನೇ ಪ್ರಯಾಣ

ಹಡಗು ಒಡೆದು, ಹಲಗೆ ಹಿಡಿದು, ಹೇಗೋ ದಡ ಸೇರಿ ಬದುಕಿದವರ ಕಥೆಗಳೆಂದರೆ ನನಗೆ ಚಿಕ್ಕಂದಿನಿಂದಲೂ ಒಂದು ಬಗೆಯ ಹುಚ್ಚು. ಕುಂದಾಪುರದ ಕಡೆಯವನಿಗೆ ಇದು ಸಹಜವೇ ಅನ್ನಿ. ಹೊಳೆಯಾಚೆ ಗಂಗೊಳ್ಳಿ, ಅದರಾಚೆ ಸಮುದ್ರ. ಮಳೆಗಾಲ ಮುಗಿದು ದೋಣಿಗಳು ನೀರಿಗಿಳಿಯುವ ಹೊತ್ತಿಗೆ ಖಾರ್ವಿಕೇರಿಯ ಹೆಂಗಸರು ಪಡುವಣಕ್ಕೆ ಮುಖ ಮಾಡಿ ಕೈಮುಗಿಯುವುದನ್ನು ನೋಡುತ್ತ ಬೆಳೆದವರು ನಾವು. ಆದರೆ ಹೊಟ್ಟೆಪಾಡು ನನ್ನನ್ನು ಕರೆದೊಯ್ದದ್ದು ಸಮುದ್ರಕ್ಕಲ್ಲ, ಬ್ಯಾಂಕಿಗೆ. ಮೈಸೂರಿನಲ್ಲಿ ಎಂ.ಕಾಂ. ಮುಗಿಸಿ ಸೇರಿದವನು ಮೂವತ್ತಾರು ವರ್ಷ ಡೆಬಿಟ್ಟು ಕ್ರೆಡಿಟ್ಟುಗಳ ನಡುವೆ ಈಜಿ, 2020ರಲ್ಲಿ ನಿವೃತ್ತನಾಗಿ, ಈಗ ವಡೋದರಾದ ಮಂಜಲ್‌ಪುರದಲ್ಲಿದ್ದೇನೆ. ಇಲ್ಲಿಂದ ಸಮುದ್ರ ಕಾಣುವುದಿಲ್ಲ. ತುಳಸೀಧಾಮ ಚಾರ್ ರಸ್ತಾದಲ್ಲಿ ನಿಂತರೆ ಕಾಣುವುದು ತರಕಾರಿ ಲಾರಿಗಳು ಮಾತ್ರ. ಲಾರಿ ಅಂದರೆ ಗಾಬರಿಯಾಗಬೇಡಿ, ಇಲ್ಲಿ ಕೈಗಾಡಿಗೆ ಲಾರಿ ಅಂತಾರೆ.

ಸಮುದ್ರ ಇಲ್ಲದ ಕಡೆ ಇರುವವನಿಗೆ ಸಮುದ್ರದ ಪುಸ್ತಕಗಳೇ ಗತಿ. ರಾಬಿನ್‌ಸನ್ ಕ್ರೂಸೋ ಎಲ್ಲರಿಗೂ ಗೊತ್ತು. 1719ರಲ್ಲಿ ಡೇನಿಯಲ್ ಡೆಫೊ ಬರೆದದ್ದು. ಅದರ ಹಿಂದೆ ಅಲೆಕ್ಸಾಂಡರ್ ಸೆಲ್‌ಕರ್ಕ್ ಎಂಬ ಸ್ಕಾಟ್ಲೆಂಡಿನ ನಾವಿಕನಿದ್ದ, 1704ರಿಂದ 1709ರವರೆಗೆ ಪೆಸಿಫಿಕ್ ಸಾಗರದ ಒಂದು ದ್ವೀಪದಲ್ಲಿ ಒಬ್ಬನೇ ಆಡು ಹಿಡಿದು ತಿಂದು ಬದುಕಿದ್ದ ಎಂಬುದೂ ಓದುವವರಿಗೆ ಗೊತ್ತಿರುತ್ತದೆ. ಅವನಿಗಿಂತ ನೂರು ವರ್ಷ ಹಿಂದಿನ ಫ್ರಾನ್ಸ್ವಾ ಪಿರಾರ್‌ನ ಹೆಸರು ಕೇಳಿದವರು ಕಡಿಮೆ. ಫ್ರಾನ್ಸಿನ ಲವಾಲ್ ಊರಿನವನು. ಅವನಿದ್ದ ಹಡಗು 1602ರಲ್ಲಿ ನಮ್ಮ ಲಕ್ಷದ್ವೀಪದ ಕೆಳಗಿರುವ ಮಾಲ್ದೀವ್ಸ್‌ನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಐದು ವರ್ಷ ಅಲ್ಲಿ ಸೆರೆ. ಆಮೇಲೆ ಕಲ್ಲಿಕೋಟೆ, ಕೊಚ್ಚಿ, ಗೋವಾ ಅಂತ ಅಲೆದು, 1611ರಲ್ಲಿ ಊರು ಸೇರಿದ. ಅದೇ ವರ್ಷ ಅವನ ಹೆಸರಿನಲ್ಲಿ ಪುಸ್ತಕ ಬಂತು. ಅವನೇನು ದೊಡ್ಡ ಸಾಹಿತಿಯಲ್ಲ. ಅವನು ಹೇಳಿದ್ದನ್ನು ಕೇಳಿ, ತಿದ್ದಿ, ವಿಸ್ತರಿಸಿ ಪುಸ್ತಕ ಮಾಡಲು ಓದು ಬರಹ ಬಲ್ಲ ದೊಡ್ಡವರು ಒದಗಿಬಂದರು. ಅದರಿಂದಾಗಿ ಆ ಕಾಲದ ಮಾಲ್ದೀವ್ಸ್‌ನ ಊಟ, ಉಡುಪು, ತೆಂಗಿನ ಕಸುಬು ಎಲ್ಲ ಇವತ್ತಿಗೂ ನಮಗೆ ತಿಳಿಯುವಂತಾಯಿತು.

ಹಾಗಾದರೆ ಇದೇ ಅರಬ್ಬೀ ಸಮುದ್ರದಲ್ಲಿ ಒಡೆದ ನಮ್ಮವರ ಹಡಗುಗಳ ಕಥೆ? ಬದುಕಿ ಬಂದ ನಮ್ಮ ನಾವಿಕರ ಕಥೆ? ಅವರ ಮಾತನ್ನು ಕೇಳಿ ಬರೆದುಕೊಳ್ಳುವವರು ಒದಗಿದ್ದು ಕಡಿಮೆ. ಮುಳುಗಿದವರಿಗೆ ಹಾಡಾದರೂ ಉಂಟು. 1888ರ ನವೆಂಬರಿನಲ್ಲಿ ಕಚ್ಛದ ಮಾಂಡವಿಯಿಂದ ಮುಂಬೈಗೆ ಹೊರಟ 'ವೈತರಣಾ' ಎಂಬ ಉಗಿಹಡಗು 700ಕ್ಕೂ ಹೆಚ್ಚು ಜನರೊಂದಿಗೆ ಬಿರುಗಾಳಿಯಲ್ಲಿ ಮಾಯವಾಯಿತು. ಒಬ್ಬರೂ ಉಳಿಯಲಿಲ್ಲ. ಹಡಗಿನಲ್ಲಿ ವಿದ್ಯುತ್ ದೀಪ ಇತ್ತು ಅಂತ ಜನ ಅದನ್ನು 'ವೀಜಳಿ' ಅಂತ ಕರೆಯುತ್ತಿದ್ದರು. ಅದರ ಕಪ್ತಾನ ಹಾಜಿ ಕಾಸಮನ ಹೆಸರು ಗುಜರಾತಿನ ಹಳ್ಳಿಹಳ್ಳಿಯ ಹಾಡಿನಲ್ಲಿದೆ. ಮುಳುಗದೆ ಉಳಿದವನಿಗೆ ಏನು ಉಂಟು ಅಂತ ಹುಡುಕಿದರೆ, ಭುಜ್ ಪಟ್ಟಣದ ನಡುವೆ ಒಂದು ಅರಮನೆ ಉಂಟು. ನಾನು ಹೇಳಹೊರಟದ್ದು ಆ ಅರಮನೆಯ ಹಿಂದಿರುವ ನಾವಿಕನ ವಿಷಯ. ಅವನ ಹೆಸರು ರಾಮ್‌ಸಿಂಗ್ ಮಾಲಮ್.

ಮಾಲಮ್ ಅಂದರೆ ಹಡಗಿನ ದಾರಿ ಬಲ್ಲವನು. ಅರಬ್ಬಿಯ 'ಮುಅಲ್ಲಿಮ್', ಅಂದರೆ ಕಲಿಸುವವನು, ಎಂಬ ಮಾತಿನಿಂದ ಬಂದದ್ದಂತೆ. ನಕ್ಷತ್ರ ಎಷ್ಟು ಮೇಲೇರಿದೆ, ನೀರಿನ ಬಣ್ಣ ಏನು, ಯಾವ ತಿಂಗಳಲ್ಲಿ ಯಾವ ಗಾಳಿ, ಯಾವ ಗುಡ್ಡ ಕಂಡರೆ ಯಾವ ಬಂದರು ಹತ್ತಿರ, ಇದೆಲ್ಲ ಅವನ ಲೆಕ್ಕ. ಕಚ್ಛದ ಮಾಲಮರು ಇದನ್ನೆಲ್ಲ ಪೋಥಿಗಳಲ್ಲಿ ಬರೆದಿಡುತ್ತಿದ್ದರು. ಚಳಿಗಾಲದ ಈಶಾನ್ಯದ ಗಾಳಿ ಹಿಡಿದು ಆಫ್ರಿಕಾಕ್ಕೆ ಹೋಗುವುದು, ನೈಋತ್ಯದ ಗಾಳಿ ತಿರುಗಿದಾಗ ವಾಪಸ್ ಬರುವುದು, ಇದು ಅವರ ವರ್ಷದ ಲೆಡ್ಜರು. ಹತ್ತಿ, ಬಟ್ಟೆ ಅಲ್ಲಿಗೆ. ದಂತ, ಲವಂಗ ಇಲ್ಲಿಗೆ.

ರಾಮ್‌ಸಿಂಗ್ ಓಖಾಮಂಡಲದವನು, ಅಂದರೆ ದ್ವಾರಕೆಯ ಸೀಮೆಯವನು ಅಂತ ಹೇಳುತ್ತಾರೆ. ಹದಿನೆಂಟನೇ ಶತಮಾನದ ಮೊದಲ ಅರ್ಧದ ಮಾತು. ಹುಡುಗನಾಗಿದ್ದಾಗಲೇ ಹಡಗು ಹತ್ತಿದ. ಆಫ್ರಿಕಾ ಕಡೆಯ ಪ್ರಯಾಣದಲ್ಲಿ ಹಡಗು ಒಡೆಯಿತು. ನೀರಲ್ಲಿ ತೇಲುತ್ತಿದ್ದವನನ್ನು ದಾರಿಯಲ್ಲಿ ಬಂದ ಡಚ್ಚರ ಹಡಗೊಂದು ಎತ್ತಿಕೊಂಡಿತು. ಆ ಹಡಗು ಹೊರಟದ್ದು ಹಾಲೆಂಡಿಗೆ. ನಡುವೆ ಇಳಿಸಿ ಹೋಗಲು ಅದೇನು ಸಿಟಿ ಬಸ್ಸೇ? ಇವನೂ ಹಾಲೆಂಡಿಗೆ ಹೋದ. ಅಲ್ಲಿ ಹದಿನೆಂಟು ವರ್ಷ ಇದ್ದ. ಗಾಜು ಊದುವುದು, ನೀಲಿ ಬಿಳಿ ಹೆಂಚು ಸುಡುವುದು, ಎನಾಮೆಲ್ ಕೆಲಸ, ಗಡಿಯಾರ ಕಟ್ಟುವುದು, ಕಲ್ಲು ಕೆತ್ತುವುದು, ತೋಪು ಎರಕ ಹೊಯ್ಯುವುದು, ಎಲ್ಲ ಕಲಿತ. ಕಲಿತು ವಾಪಸ್ ಬಂದ.

ಈ ಕಥೆಯನ್ನು ನಾನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಇಂಗ್ಲಿಷಿನಲ್ಲಿ ರಶ್‌ಬ್ರೂಕ್ ವಿಲಿಯಮ್ಸ್ ಎಂಬ ಇತಿಹಾಸಕಾರರು 1958ರಲ್ಲಿ ಪ್ರಕಟಿಸಿದ ಕಚ್ಛದ ಇತಿಹಾಸದಲ್ಲಿ ಇದು ಬರುತ್ತದೆ. ಮೊದಲು ಕೇಳಿದ್ದು ಒಂದು ಟೆಂಟಿನೊಳಗೆ.

2001ರ ಜನವರಿ 26. ಬೆಳಿಗ್ಗೆ 8 ಗಂಟೆ 46 ನಿಮಿಷ. ಗಣರಾಜ್ಯೋತ್ಸವದ ಧ್ವಜವಂದನೆಗೆ ಹೊರಟು ಷೂ ಲೇಸು ಕಟ್ಟುತ್ತಿದ್ದೆ. ಮಂಜಲ್‌ಪುರದ ನಮ್ಮ ಬಾಡಿಗೆ ಫ್ಲ್ಯಾಟಿನ ನೆಲ ದೋಣಿಯ ಹಾಗೆ ತೂಗಿತು. ವಡೋದರಾದಲ್ಲಿ ನಮಗೆ ಅಷ್ಟೇ. ಕಚ್ಛದಲ್ಲಿ ಊರಿಗೆ ಊರೇ ನೆಲಸಮ. ಸತ್ತವರು 13,800ಕ್ಕೂ ಹೆಚ್ಚು ಎಂದು ಆಮೇಲೆ ಬಂದ ಸರ್ಕಾರಿ ಲೆಕ್ಕ. ಫೆಬ್ರವರಿಯಲ್ಲಿ ನಮ್ಮ ಬ್ಯಾಂಕಿನಿಂದ ಕೆಲವರನ್ನು ಭುಜ್‌ಗೆ ಡೆಪ್ಯುಟೇಶನ್ ಮೇಲೆ ಕಳಿಸಿದರು. ಅದರಲ್ಲಿ ನಾನೂ ಒಬ್ಬ. ಐದು ವಾರ ಟೆಂಟಿನಲ್ಲೇ ಕೌಂಟರು, ಟೆಂಟಿನಲ್ಲೇ ನಿದ್ದೆ. ರಾತ್ರಿ ನೆಲ ಸ್ವಲ್ಪ ಅದುರಿದರೂ ಎಲ್ಲರೂ ಎದ್ದು ಕೂರುವುದು.

ಬ್ಯಾಂಕಿನವನಿಗೆ ಒಂದೇ ಮಂತ್ರ ಹೇಳಿಕೊಟ್ಟಿರುತ್ತಾರೆ: ವೋಚರು ಇಲ್ಲದೆ ಎಂಟ್ರಿ ಇಲ್ಲ. ಅಲ್ಲಿ ನೋಡಿದರೆ ಯಾರ ಹತ್ತಿರವೂ ಪಾಸ್‌ಬುಕ್ ಇಲ್ಲ. ಪಾಸ್‌ಬುಕ್ ಇಟ್ಟ ಕಪಾಟು ಇಲ್ಲ, ಕಪಾಟು ಇದ್ದ ಗೋಡೆ ಇಲ್ಲ. ಕೆಲವರಿಗೆ ಬಲಗೈಯೇ ಪ್ಲಾಸ್ಟರಿನಲ್ಲಿ, ಸಹಿ ಮಾಡುವುದು ಹೇಗೆ? ನಿಯಮ ಸಡಿಲಿಸಿದ್ದರು ನಿಜ. ಆದರೂ ಎದುರಿಗೆ ನಿಂತವನು ತಾನೇ ತಾನು ಎಂದು ಯಾರೋ ಒಬ್ಬರು ಒಪ್ಪಬೇಕಲ್ಲ? ನಾವು ಮಾಡಿದ್ದಿಷ್ಟು. ಅವನ ಮಾತು ಕೇಳುವುದು. ಪಕ್ಕದ ಮನೆಯವರು ಇಬ್ಬರನ್ನು ಬೇರೆ ಬೇರೆ ಕೇಳುವುದು. ಕೊನೆಯ ಸಲ ಎಷ್ಟು ತೆಗೆದೆ, ಯಾವ ಹಬ್ಬದ ಮುಂಚೆ, ಜೊತೆಗೆ ಯಾರು ಬಂದಿದ್ದರು ಅಂತ ವಿಚಾರಿಸುವುದು. ಅವಶೇಷದಿಂದ ಹೊರತೆಗೆದ ಲೆಡ್ಜರಿನ ಜೊತೆ ತಾಳೆ ನೋಡುವುದು. ಹತ್ತರಲ್ಲಿ ಒಂಬತ್ತು ಸಲ ಮಾತು ಲೆಡ್ಜರಿಗೆ ಸರಿಯಾಗಿ ಹೊಂದುತ್ತಿತ್ತು. ನನ್ನ ಎಂ.ಕಾಂ. ಕಲಿಸದ ಆಡಿಟಿಂಗನ್ನು ಆ ಟೆಂಟು ಕಲಿಸಿತು.

ಹಾಗೆ ಬಂದವರಲ್ಲಿ ಮಾಂಡವಿ ಕಡೆಯ ಒಬ್ಬ ಮುದುಕ. ಮಗಳ ಮನೆಗೆ ಅಂತ ಭುಜ್‌ಗೆ ಬಂದು ನೆಲೆಸಿದವನು. ಮಗಳ ಮನೆ ಬಿದ್ದಿತ್ತು, ಮನೆಮಂದಿ ಉಳಿದಿದ್ದರು. ಖಾತೆಯಲ್ಲಿ ಮೂರು ಸಾವಿರದ ಚಿಲ್ಲರೆ. ಕಸುಬು ಏನು ಅಂತ ಕೇಳಿದೆ. "ವಹಾಣ" ಅಂದ, ಹಡಗು. ಜಾತಿ ಖಾರ್ವಾ. ನಮ್ಮ ಊರಿನ ಖಾರ್ವಿಗಳ ಹೆಸರೇ ಕಿವಿಗೆ ಬಿದ್ದ ಹಾಗಾಯಿತು. ನಮ್ಮಲ್ಲೂ ಖಾರ್ವಿಗಳಿದ್ದಾರೆ, ಮಂಗಳೂರಿನ ಕಡೆ ಅಂದೆ. ಮಂಗಳೂರು ಅನ್ನುತ್ತಲೇ ಅವನ ಮುಖ ಅರಳಿತು. ಹಾಯಿಹಡಗಿನ ಕಾಲದಲ್ಲಿ ಹೆಂಚು ತುಂಬಲು ಆ ಬಂದರಿಗೆ ಬಂದಿದ್ದನಂತೆ. ಸಾಕ್ಷಿಗೆ ಅಂತ ಪಕ್ಕದ ಮನೆಯವರು ಬರುವುದು ತಡವಾಯಿತು. ಕಾಯುತ್ತ ಕೂತವನು ಹೇಳಿದ್ದು ರಾಮ್‌ಸಿಂಗ್ ಮಾಲಮನ ಕಥೆ. ಸಾಹೇಬ್, ಎಲ್ಲ ಹೋದ ಮೇಲೂ ಬಂದು ನಿಂತವನೊಬ್ಬ ನಮ್ಮಲ್ಲಿದ್ದ, ಅವನ ಹತ್ತಿರವೂ ಕಾಗದ ಇರಲಿಲ್ಲ, ಕೈ ಇತ್ತು, ಅಂದ. ಅಷ್ಟರಲ್ಲಿ ಸಾಕ್ಷಿಗಳು ಬಂದರು. ದುಡ್ಡು ಎಣಿಸಿಕೊಂಡು ಹೋದ.

ಬ್ಯಾಂಕಿನ ಬುದ್ಧಿ ಬಿಡುತ್ತದೆಯೇ? ವಡೋದರಾಕ್ಕೆ ಮರಳಿದ ಮೇಲೆ ರಾಮ್‌ಸಿಂಗನ ಖಾತೆಯನ್ನೂ ಅದೇ ರೀತಿ ತಾಳೆ ನೋಡತೊಡಗಿದೆ. ಅವನು ಪಿರಾರ್‌ನ ಹಾಗೆ ಪುಸ್ತಕ ಬಿಟ್ಟು ಹೋಗಲಿಲ್ಲ. ಇರುವುದು ಜನರ ಬಾಯಿಮಾತು. ಆದರೆ ಅಕ್ಕಪಕ್ಕದ ಸಾಕ್ಷಿಗಳು ಏನು ಹೇಳುತ್ತವೆ ನೋಡಿ.

ಒಂದು, ಡಚ್ಚರ ಹಡಗು ಆಫ್ರಿಕಾದ ಹತ್ತಿರ ಸಿಗಲು ಸಾಧ್ಯವೆ? ಧಾರಾಳವಾಗಿ. 1652ರಿಂದಲೇ ಆಫ್ರಿಕಾದ ತುದಿಯ ಕೇಪ್ ಬಂದರು ಡಚ್ ಕಂಪನಿಯ ಕೈಯಲ್ಲಿತ್ತು. ಏಷ್ಯಾದಿಂದ ಸರಕು ತುಂಬಿ ಹಿಂದಿರುಗುವ ಅವರ ಹಡಗುಗಳು ನೀರು, ತರಕಾರಿಗೆ ನಿಲ್ಲುತ್ತಿದ್ದದ್ದೇ ಅಲ್ಲಿ.

ಎರಡು, ಗುಜರಾತಿನವರಿಗೆ ಡಚ್ಚರು ಅಪರಿಚಿತರೆ? ಅಲ್ಲ. ಹದಿನೇಳನೇ ಶತಮಾನದಲ್ಲೇ ಸೂರತ್‌ನಲ್ಲಿ ಅವರ ದೊಡ್ಡ ಕೋಠಿ. ಅಹಮದಾಬಾದ್, ಭರೂಚ್‌ಗಳಲ್ಲೂ, ನಾನಿರುವ ಈ ವಡೋದರಾದಲ್ಲೂ ಬಟ್ಟೆ, ನೀಲಿ ಕೊಳ್ಳಲು ಅವರ ಜನ ಇದ್ದರು. ಸೂರತ್‌ನ ಡಚ್ ಸ್ಮಶಾನದಲ್ಲಿ 1691ರಲ್ಲಿ ತೀರಿಕೊಂಡ ವಾನ್ ರೀಡ್‌ನ ಗೋರಿ ಇವತ್ತಿಗೂ ಇದೆ. ಮಲಬಾರಿನ ಗಿಡಮೂಲಿಕೆಗಳ ಮೇಲೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಗ್ರಂಥ ಮಾಡಿಸಿದವನು ಅವನೇ. ಇನ್ನು ನಮ್ಮ ಕಡೆ ಕೆಳದಿ ನಾಯಕರ ಕಾಲದಲ್ಲಿ ಬಸ್ರೂರಿನಲ್ಲೂ ಡಚ್ಚರು ಅಕ್ಕಿ, ಮೆಣಸಿನ ವ್ಯಾಪಾರಕ್ಕೆ ಕೂತಿದ್ದರು. ಕುಂದಾಪುರದಿಂದ ಬಸ್ರೂರಿಗೆ ಸೈಕಲ್ಲಿನಲ್ಲಿ ಹೋಗುವ ದೂರ. ಆದ್ದರಿಂದ ಈ ಡಚ್ಚರು ನನಗೂ ಒಂದು ಲೆಕ್ಕದಲ್ಲಿ ನೆರೆಯವರೇ.

ಮೂರನೆಯದು ದೊಡ್ಡ ಸಾಕ್ಷಿ, ಅರಮನೆ. ನಿವೃತ್ತಿಯ ನಂತರ, ಕೋವಿಡ್ ಗಲಾಟೆ ತಗ್ಗಿದ ಮೇಲೆ, ಮುಂಬೈ ಕಡೆಯಿಂದ ಬರುವ ರಾತ್ರಿ ರೈಲು ಹತ್ತಿ ನಾನು, ಮನೆಯವಳು ಇಬ್ಬರೂ ಭುಜ್‌ಗೆ ಹೋದೆವು. ಹಿಂದೆ ಟೆಂಟು ಹಾಕಿದ್ದ ಜಾಗ ಗುರುತೇ ಸಿಗಲಿಲ್ಲ. ಅಗಲವಾದ ರಸ್ತೆ, ಹೊಸ ಮನೆಗಳು. ಹಳೇ ದರ್ಬಾರುಗಢದೊಳಗೆ ಆಯಿನಾ ಮಹಲ್, ಕನ್ನಡಿ ಅರಮನೆ. ಭೂಕಂಪಕ್ಕೆ ಅದೂ ಒಂದಷ್ಟು ಕುಸಿದಿತ್ತು. ಉಳಿದ ಭಾಗವನ್ನು ಸರಿಪಡಿಸಿ ಮ್ಯೂಸಿಯಂ ಮಾಡಿದ್ದಾರೆ. ಹೊರಗಿನಿಂದ ನೋಡಿದರೆ ಏನೂ ಅನ್ನಿಸುವುದಿಲ್ಲ. ಪಕ್ಕದಲ್ಲಿ 1860ರ ದಶಕದಲ್ಲಿ ಕಟ್ಟಲು ಶುರುಮಾಡಿದ ಪ್ರಾಗ್ ಮಹಲ್ ಗಡಿಯಾರ ಗೋಪುರ ಎತ್ತಿಕೊಂಡು ಸಾಹೇಬರ ಹಾಗೆ ನಿಂತಿದೆ. ಅದರ ಮುಂದೆ ಇದು ಗುಮಾಸ್ತ.

ಒಳಗೆ ಹೋದರೆ ಕಥೆಯೇ ಬೇರೆ. ಬಿಳಿ ಅಮೃತಶಿಲೆಯ ಗೋಡೆ, ಅದರ ತುಂಬ ಬಂಗಾರದ ಬಣ್ಣದ ಅಂಚು ಕಟ್ಟಿದ ಕನ್ನಡಿಗಳು. ನಡುವೆ ಗಾಜಿನ ದೀಪಗುಚ್ಛ. ಒಂದು ದೀಪ ಹಚ್ಚಿದರೆ ನೂರಾಗಿ ಕಾಣಬೇಕು, ಹಾಗೆ. ಮುಂದಿನದು ಫುವಾರಾ ಮಹಲ್. ನಡುವೆ ಕೂರಲು ಜಗಲಿ, ಸುತ್ತ ನೀರು, ನೀರಿನಲ್ಲಿ ಕಾರಂಜಿಗಳು. ಕಚ್ಛದ ಸೆಕೆಯಲ್ಲಿ ರಾಜ ನಡುವೆ ಕೂತು ಹಾಡು ಕೇಳುವುದು, ಪದ್ಯ ಕಟ್ಟುವುದು. ನೀರನ್ನು ಮೇಲೆತ್ತಿ ಕಾರಂಜಿಗೆ ಕಳಿಸುವ ಉಪಾಯವೂ ರಾಮ್‌ಸಿಂಗನದೇ. ಕಾಲ ಕೆಳಗೆ ನೋಡಿದರೆ ನೀಲಿ ಬಿಳಿ ಹೆಂಚು. ಹಾಲೆಂಡಿನ ಡೆಲ್ಫ್ಟ್ ಊರಿನ ಶೈಲಿ. ಚೀನಾದ ಪಿಂಗಾಣಿ ನೋಡಿ ಡೆಲ್ಫ್ಟಿನವರು ಕಲಿತ ನೀಲಿಯನ್ನು ಡೆಲ್ಫ್ಟ್ ನೋಡಿ ಕಚ್ಛದವನು ಕಲಿತ. ಯಾರು ಯಾರಿಂದ ಕದ್ದರು ಅನ್ನುವ ಪ್ರಶ್ನೆಯೇ ಇಲ್ಲ. ಕಸುಬು ಅನ್ನುವುದು ನಡೆದು ಬರುವುದೇ ಹೀಗೆ.

ಆ ನೆಲದ ಮೇಲೆ ನಿಂತಾಗ ನನ್ನ ಊರಿನ ಮಾಡು ನೆನಪಾಯಿತು. ನಮ್ಮ ಕರಾವಳಿಯ ಹೆಂಚಿಗೆ ಖಚಿತವಾದ ಜಾತಕ ಇದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬ ಜರ್ಮನ್ ಪಾದ್ರಿ ಶುರುಮಾಡಿದ ಕಾರ್ಖಾನೆ. ನೇತ್ರಾವತಿಯ ಜೇಡಿ, ಯುರೋಪಿನ ಅಚ್ಚು. ಅಲ್ಲಿಂದ ಹೆಂಚು ಹಡಗೇರಿ ಇದೇ ಗುಜರಾತಿನ ಬಂದರುಗಳಿಗೆ ಬಂತು. ನಮ್ಮಲ್ಲಿಗೆ ಕುಲುಮೆಯ ವಿದ್ಯೆ ತಂದವರು ಹೊರಗಿನವರು. ಇಲ್ಲಿ ಅದಕ್ಕೆ ನೂರು ವರ್ಷ ಮೊದಲು ಸಮುದ್ರದಲ್ಲಿ ಬಿದ್ದ ಊರ ಹುಡುಗನೇ ತಂದ. ದೇಶ ಸುತ್ತು, ಕೋಶ ಓದು ಅನ್ನುತ್ತಾರಲ್ಲ, ಇವನು ಕೋಶ ಓದಿದನೋ ಇಲ್ಲವೋ, ದೇಶ ಸುತ್ತಿ ಬರಿಗೈಯಲ್ಲಂತೂ ಬರಲಿಲ್ಲ.

ಟ್ರಯಲ್ ಬ್ಯಾಲೆನ್ಸು ತಾಳೆಯಾಯಿತು ಅಂತ ನಾನು ಬರೆದುಕೊಂಡೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹಡಗು ಒಡೆದ ಭಾಗವಲ್ಲ. ಅದು ಯಾರಿಗಾದರೂ ಆಗಬಹುದಾದ ಆಕಸ್ಮಿಕ. ಆಮೇಲಿನ ಎರಡು ಸಂಗತಿಗಳು.

ಮೊದಲನೆಯದು, ಅವನು ವಾಪಸ್ ಬಂದಾಗ ಆದದ್ದು. ಹಿತ್ತಲ ಗಿಡ ಮದ್ದಲ್ಲ. ಮೊದಲು ಕಾಠಿಯಾವಾಡದ ಕಡೆಯ ಒಡೆಯರ ಬಳಿ ಹೋಗಿ ಇಂತಿಂಥ ವಿದ್ಯೆ ಬಲ್ಲೆ ಅಂದನಂತೆ. ಯಾರೂ ಕೆಲಸ ಕೊಡಲಿಲ್ಲ. ಆಮೇಲೆ ಕೊಲ್ಲಿ ದಾಟಿ ಭುಜ್‌ಗೆ ಹೋದ. ಅಲ್ಲಿ ಆಳುತ್ತಿದ್ದವನು ರಾವ್ ಲಖಪತ್‌ಜಿ. 1741ರಲ್ಲಿ ತಂದೆಯನ್ನೇ ಸೆರೆಯಲ್ಲಿಟ್ಟು ಅಧಿಕಾರ ಹಿಡಿದವನು. ಸಾಧು ಅಂತ ಯಾರೂ ಹೇಳಲಾರರು. ಆದರೆ ಕಲೆಯ ಹುಚ್ಚು ವಿಪರೀತ. ಬ್ರಜಭಾಷೆಯ ಕಾವ್ಯ ಕಲಿಸಲು ಭುಜ್‌ನಲ್ಲಿ ಪಾಠಶಾಲೆಯನ್ನೇ ತೆರೆದ. ಅವನು ರಾಮ್‌ಸಿಂಗನಿಗೆ ಹಣ ಕೊಟ್ಟ, ಆಳು ಕೊಟ್ಟ, ಮಾಂಡವಿಯಲ್ಲಿ ಗಾಜಿನ ಕಾರ್ಖಾನೆ ಹಾಕಿಸಿದ. 1760ರಲ್ಲಿ ರಾವ್ ತೀರಿಕೊಳ್ಳುವ ಹೊತ್ತಿಗೆ ಅರಮನೆ ಎದ್ದಿತ್ತು. ಅಂದರೆ ನೋಡಿ, ರಾಮ್‌ಸಿಂಗ್ ವಾಪಸ್ ಬಂದ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬಂದದ್ದು ಹುಟ್ಟಿದ ಊರಿಗಲ್ಲ. ಅವನ ಕೈಗೆ ಕೆಲಸ ಇದ್ದ ಊರಿಗೆ. ಹುಟ್ಟಿದ ದಡ ಕೊಲ್ಲಿಯ ಆಚೆಗೇ ಉಳಿಯಿತು.

ಎರಡನೆಯದು, ಕೆಲಸ ಶುರುವಾದ ಮೇಲೆ ಅವನು ಮತ್ತೆ ಹಾಲೆಂಡಿಗೆ ಹೋದದ್ದು. ವಿದ್ಯೆ ಇನ್ನಷ್ಟು ಪಳಗಲಿ ಅಂತ ರಾವ್ ಅವನನ್ನು ಶಿಷ್ಯರ ಜೊತೆ ಮಾಡಿ ಮತ್ತೆ ಅದೇ ದಾರಿಯಲ್ಲಿ ಕಳಿಸಿದ. ಒಂದು ಸಲ ಸಮುದ್ರ ನುಂಗಲು ನೋಡಿದ ಮನುಷ್ಯ. ಹದಿನೆಂಟು ವರ್ಷ ಪರದೇಶದಲ್ಲಿ ಕಳೆದು ಈಗ ತಾನೇ ನೆಲೆ ಕಂಡವನು. ಬೇಡ ಅನ್ನಬಹುದಿತ್ತು. ಹೋದ. ಮೊದಲ ಸಲ ಅವನನ್ನು ಒಯ್ದದ್ದು ಅಲೆ. ಎರಡನೇ ಸಲ ಅವನೇ ಹೆಜ್ಜೆ ಇಟ್ಟು ಹಡಗು ಹತ್ತಿದ. ಹೋದ ಊರು ಒಂದೇ. ಪ್ರಯಾಣ ಒಂದೇ ಅಲ್ಲ.

ಇದು ನನಗೆ ಇಷ್ಟೊಂದು ಯಾಕೆ ಹಚ್ಚಿಕೊಂಡಿತು ಅಂತ ಹೇಳಬೇಕು. ನಾನು 1998ರಲ್ಲಿ ವಡೋದರಾಕ್ಕೆ ಬಂದದ್ದು ಬಡ್ತಿಯ ಜೊತೆ ಬಂದ ಟ್ರಾನ್ಸ್‌ಫರ್ ಆರ್ಡರಿನಿಂದ. ಬ್ಯಾಂಕಿನವರ ಪಾಲಿಗೆ ಅದೇ ಬಿರುಗಾಳಿ. ಏಳು ದಿನದ ಜಾಯಿನಿಂಗ್ ಟೈಮು, ಎರಡು ಟ್ರಂಕು, ಮೂರನೇ ಕ್ಲಾಸಿನ ಮಗಳು. ಕೊಬ್ಬರಿ ಎಣ್ಣೆ ಹುಡುಕಲು ಮಕರಪುರಾವರೆಗೂ ಅಲೆದದ್ದುಂಟು. ಮೊದಲ ವರ್ಷವಿಡೀ ದಾಲ್‌ನಲ್ಲಿ ಬೆಲ್ಲ ಕಂಡು ಬೈದುಕೊಂಡಿದ್ದೆವು. 2004ರಲ್ಲಿ ಹುಬ್ಬಳ್ಳಿಗೆ ವರ್ಗವಾದಾಗ ಮನೆಯಲ್ಲಿ ಪಾಯಸ ಆಯಿತು. ಆದರೆ 2009ರಲ್ಲಿ ಮತ್ತೆ ವಡೋದರಾಕ್ಕೆ ಬಂದೆ. ಆಗ ಯಾರೂ ಕಳಿಸಲಿಲ್ಲ. ಮಗಳಿಗೆ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಬೇಕಿತ್ತು. ಆ ಫೈನ್ ಆರ್ಟ್ಸ್ ಶಾಲೆಗೆ ಸಮಾನ ಇನ್ನೊಂದಿಲ್ಲ ಅಂದಳು. ನಾನೇ ಅರ್ಜಿ ಬರೆದು ಕೇಳಿ ಬಂದೆ. ಅದೇ ಮಂಜಲ್‌ಪುರ, ಅದೇ ಬೆಲ್ಲದ ದಾಲ್. ಈ ಸಲ ಅದು ರುಚಿಸಿತು. ದಾಲ್ ಬದಲಾಗಿರಲಿಲ್ಲ.

ಇಲ್ಲಿಯ ಜನ ಸ್ವಂತ ಊರಿಗೆ 'ದೇಶ್' ಅನ್ನುತ್ತಾರೆ. ದೇಶ್‌ಗೆ ಯಾವಾಗ ಅಂತ ಸೊಸೈಟಿಯವರು ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಊರಲ್ಲಿ ತಮ್ಮ ಬೇರೆ ರೀತಿ ಕೇಳುತ್ತಾನೆ. ಅಮ್ಮ ಹೋದ ಮೇಲೆ ಹಳೇ ಹೆಂಚಿನ ಮನೆ ಅವನೊಬ್ಬನ ಮೇಲೆ ಬಿದ್ದಿದೆ. ಪ್ರತಿ ಬೇಸಿಗೆಯಲ್ಲೂ ಮಾಡಿಗೆ ಹತ್ತಬೇಕು, ಒಡೆದ ಹೆಂಚು ಬದಲಿಸಬೇಕು. ಅವನಿಗೂ ಅರವತ್ತು ಆಯಿತು. ಕಳೆದ ವರ್ಷ ಫೋನ್ ಮಾಡಿ ನೇರವಾಗಿ ಹೇಳಿದ: "ಅಣ್ಣ, ಬಪ್ದಾದ್ರೆ ಬಾ. ಇಲ್ದಿರೆ ಈ ಮನೆ ಎಂತ ಮಾಡುದು ಅಂದೇಳಿ ಹೇಳ್." ಸಿಟ್ಟಿನ ಮಾತಲ್ಲ ಅದು. ದಣಿದವನ ಮಾತು. ಉತ್ತರ ಕೊಡಲು ನನಗೆ ಎರಡು ತಿಂಗಳು ಹಿಡಿಯಿತು. ರಾತ್ರಿ ನಿದ್ದೆ ಬಾರದೆ ಬಾಲ್ಕನಿಯಲ್ಲಿ ಕೂತಾಗ ಮನೆಯವಳೂ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಏನೂ ಹೇಳುತ್ತಿರಲಿಲ್ಲ. ಅವಳಿಗೆ ಇಲ್ಲಿ ಮಗಳು, ಮೊಮ್ಮಗ. ಅಲ್ಲಿ ಅವಳ ತವರಿನ ಬಾಗಿಲೂ ಈಗ ಮುಚ್ಚಿದೆ.

ಊರಿಗೆ ಹೋಗುವುದು ಎಂದರೆ ಏನು ಅಂತ ಆ ಎರಡು ತಿಂಗಳು ಲೆಕ್ಕ ಹಾಕಿದೆ. ನಮ್ಮಂಥ ಹೊರನಾಡಿನವರ ತಲೆಯಲ್ಲಿ ಒಂದು ಚಿತ್ರ ಇರುತ್ತದೆ. ಚಾವಡಿಯ ಆರಾಮಕುರ್ಚಿ, ಬೆಳಿಗ್ಗೆ ಪೇಪರು, ಸಂಜೆ ದೇವಸ್ಥಾನ, ದಾರಿಯಲ್ಲಿ ಸಿಕ್ಕವರು ನಮ್ಮನ್ನು ಗುರುತು ಹಿಡಿಯುವುದು. ಸಿಕ್ಕವರೆಲ್ಲ ಈಗ ಹೊಸಬರು. ಮೂವತ್ತು ನಲವತ್ತು ವರ್ಷ ಹೊರಗಿದ್ದವನನ್ನು ಊರು ಕಾದು ಕೂತಿರುತ್ತದೆ ಅಂದುಕೊಳ್ಳುವುದು, ಕಾಠಿಯಾವಾಡದ ಒಡೆಯರು ಪಲ್ಲಕ್ಕಿ ಕಳಿಸುತ್ತಾರೆ ಅಂತ ರಾಮ್‌ಸಿಂಗ್ ಅಂದುಕೊಂಡ ಹಾಗೆ. ಕೇಳಬೇಕಾದ ಪ್ರಶ್ನೆ ಬೇರೆ. ನಾನು ಏನು ತಂದಿದ್ದೇನೆ? ಅದು ಅಲ್ಲಿ ಯಾರಿಗೆ ಬೇಕು?

ಡೆಲ್ಫ್ಟಿನ ಹೆಂಚು ಸುಡಲು ನನಗೆ ಬರುವುದಿಲ್ಲ. ಬರುವುದು ಲೆಕ್ಕ. ಅದರಲ್ಲೂ ಇಲ್ಲಿದ್ದ ವರ್ಷಗಳಲ್ಲಿ ಖೇಡಾ, ಆಣಂದ್ ಕಡೆಯ ಹಳ್ಳಿಗಳ ಹಾಲಿನ ಮಂಡಳಿಗಳ ಖಾತೆಗಳನ್ನು ನೋಡಿದವನು. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಶುರುಮಾಡಿದ ಆ ಸಹಕಾರ ಪದ್ಧತಿಯ ನಿಜವಾದ ಬೆನ್ನೆಲುಬು ಎಮ್ಮೆಯಲ್ಲ, ದಿನದ ಲೆಕ್ಕ. ಬೆಳಿಗ್ಗೆ ಅಳೆದ ಹಾಲು, ಅದರ ಕೊಬ್ಬಿನ ಅಂಶ, ಅದಕ್ಕೆ ತಕ್ಕ ದುಡ್ಡು, ಓದು ಬಾರದ ಹೆಂಗಸಿಗೂ ಅರ್ಥವಾಗುವ ಹಾಗೆ ಚೀಟಿಯಲ್ಲಿ. ತಮ್ಮನಿಗೆ ಇದನ್ನೇ ಫೋನಿನಲ್ಲಿ ಹೇಳುತ್ತಿದ್ದಾಗ ಅವನು, ನಮ್ಮ ಊರಿನ ಹಾಲಿನ ಸಂಘಕ್ಕೆ ಲೆಕ್ಕ ಬರೆಯುವ ಹುಡುಗಿ ಹೊಸಬಳು, ಕಂಪ್ಯೂಟರ್ ಗೊತ್ತು, ಲೆಕ್ಕ ಗೊತ್ತಿಲ್ಲ, ನೀನು ಬಂದು ಹೇಳಿಕೊಡ್ತೀಯಾ ಅಂತ ಕೇಳಿದ. ಮನೆ ವಿಷಯಕ್ಕೆ ಎರಡು ತಿಂಗಳು ಹಿಡಿದವನು ಇದಕ್ಕೆ ಆ ಕ್ಷಣವೇ ಹೂಂ ಅಂದೆ.

ಹಾಗಾಗಿ ಈಗ ಏರ್ಪಾಡು ಹೀಗಿದೆ. ಮನೆಯನ್ನು ತಮ್ಮನ ಹೆಸರಿಗೆ ಬರೆದುಕೊಟ್ಟಾಯಿತು. ಮಾಡಿನ ಖರ್ಚಿನಲ್ಲಿ ಅರ್ಧ ನನ್ನದು, ಮಹಡಿಯ ಕೋಣೆ ನಮಗೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ, ಉಳಿದ ತಿಂಗಳು ಮಂಜಲ್‌ಪುರ. ಹಳೇ ಮಾಲಮರು ವರ್ಷವನ್ನು ಹೀಗೇ ಭಾಗ ಮಾಡಿದ್ದರಲ್ಲವೆ, ಒಂದು ಗಾಳಿಗೆ ಒಂದು ದಡ, ಇನ್ನೊಂದಕ್ಕೆ ಇನ್ನೊಂದು? ನನ್ನದು ಹಾಯಿಹಡಗಲ್ಲ, ಕೊಂಕಣ ರೈಲಿನ ಸ್ಲೀಪರ್ ಬರ್ತು. ಮುಳುಗುವ ಭಯ ಇಲ್ಲ, ವೇಟಿಂಗ್ ಲಿಸ್ಟಿನ ಭಯ ಉಂಟು.

ಸಂಘದ ಹುಡುಗಿ ಚುರುಕಾಗಿದ್ದಾಳೆ. ಹೋದ ಜನವರಿಯಲ್ಲಿ ಒಂದು ದಿನ, ಒಬ್ಬ ಅಜ್ಜಿಯ ಚೀಟಿ ಕಳೆದುಹೋಗಿತ್ತು. ವೋಚರು ಇಲ್ಲ, ಎಂಟ್ರಿ ಮಾಡಲೋ ಬೇಡವೋ ಅಂತ ಅವಳು ನನ್ನ ಮುಖ ನೋಡಿದಳು. ಮೊದಲು ಅಜ್ಜಿಯ ಮಾತು ಪೂರ್ತಿ ಕೇಳು, ಆಮೇಲೆ ಅಕ್ಕಪಕ್ಕದ ಇಬ್ಬರನ್ನು ಬೇರೆ ಬೇರೆ ಕೇಳು, ಆಮೇಲೆ ಪುಸ್ತಕ ತೆಗೆ ಅಂದೆ. ತಾಳೆಯಾಯಿತು. ಅರ್ಧ ಲೀಟರಿನ ವ್ಯತ್ಯಾಸವೂ ಇರಲಿಲ್ಲ.